ಮಸಿ ಹಿಡಿಸಿದ ಚಾವಿ

೬ ಫೆಬ್ರವರಿ ೧೯೮೪, ಸೋಮವಾರ

ಗಾಡಿಯ ಚಾವಿ ಕಳೆದಿದೆ. ಮಿಲ್ಲಿನವರು ಹೊಸ ವರ್ಷಕ್ಕೆ ಕೊಡುವ ಈ ಡೈರಿಯಲ್ಲಿ ಇಷ್ಟು ದಿನ ಕಿಲೋಮೀಟರು, ಪೆಟ್ರೋಲು, ಹೋಗಿಬಂದ ಊರು, ಇಷ್ಟನ್ನೇ ಬರೆದವನು ನಾನು. ಇವತ್ತು ಗಾಡಿ ಜಾಗ ಬಿಟ್ಟು ಅಲುಗಿಲ್ಲ, ಆದರೆ ಬರೆಯುವುದು ಬಹಳ ಇದೆ. ಯಾರ ಮುಂದೆಯೂ ಹೇಳುವಂತಿಲ್ಲ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಬೆಳಿಗ್ಗೆ ಶೆಡ್ಡಿನ ಹೊರಗೆ ಅಂಬಾಸಿಡರ್ ಒರೆಸುತ್ತಿದ್ದೆ. ಪಕ್ಕದಲ್ಲೇ ಮಿಲ್ಲಿನ ಭತ್ತದ ಹೊಟ್ಟು, ಆಳೆತ್ತರದ ರಾಶಿ. ಚಾವಿ ಬಾನೆಟ್ಟಿನ ಮೇಲಿತ್ತೋ, ಹೆಗಲ ಟವೆಲ್ಲಿನ ತುದಿಗೆ ಕಟ್ಟಿದ್ದೆನೋ, ಈಗ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುತ್ತಿಲ್ಲ. ಟವೆಲ್ ಝಾಡಿಸಿದ್ದಂತೂ ನೆನಪಿದೆ. ಎರಡು ತಾಸು ಮೊಣಕಾಲೂರಿ ಹೊಟ್ಟು ಕೆದರಿದೆ. ಹೊಟ್ಟೂ ಹಳದಿ, ಹಿತ್ತಾಳೆಯೂ ಹಳದಿ, ಅದು ಹೇಗೆ ಕಾಣಬೇಕು? ಯಾರಾದರೂ ಕೇಳಿದರೆ ಹತ್ತು ಪೈಸೆ ಬಿದ್ದಿದೆ ಎಂದೆ.

ಸೂಗಪ್ಪ ಸಾವ್ಕಾರರು ಹೊಸ ಮಿಷಿನ್ ನೋಡಲು ಹೈದರಾಬಾದಿಗೆ ಹೋಗಿದ್ದಾರೆ, ಹದಿನೆಂಟಕ್ಕೆ ಬರುತ್ತಾರೆ. ಗಾಡಿಗೆ ಇದ್ದದ್ದು ಇದೊಂದೇ ಚಾವಿ. ಇನ್ನೊಂದನ್ನು ನನಗಿಂತ ಹಿಂದಿನ ಡ್ರೈವರ್ ಕೃಷ್ಣಾ ಹೊಳೆಯಲ್ಲಿ ಸ್ನಾನಕ್ಕಿಳಿದಾಗ ಕಳೆದ. ಸಾವ್ಕಾರರು ಅವನಿಗೆ ಒಂದು ಮಾತೂ ಬೈಯಲಿಲ್ಲವಂತೆ. ಮರುದಿನದಿಂದ ಬರಬೇಡ ಎಂದರಂತೆ, ಅಷ್ಟೇ. ಆ ಜಾಗಕ್ಕೆ ಬಂದವನು ನಾನು. ಹದಿನೇಳು ವರ್ಷವಾಯಿತು.

ಕನಕರಾಯ ಕದ್ದಿರಬೇಕು. ಮಿಲ್ಲಿನ ಟ್ರಾಕ್ಟರ್ ಹೊಡೆಯುವವನಿಗೆ ಕಾರಿನ ಲೈಸೆನ್ಸ್ ಯಾಕೆ ಬೇಕಿತ್ತು? ಹೋದ ತಿಂಗಳು ಮಾಡಿಸಿಕೊಂಡು ಬಂದು ಎಲ್ಲರಿಗೂ ಪೇಢೆ ಹಂಚಿದ. ನಾನೂ ತಿಂದೆ, ನನ್ನ ನಾಲಿಗೆಗೆ ಬುದ್ಧಿಯಿಲ್ಲ.

೭ ಫೆಬ್ರವರಿ, ಮಂಗಳವಾರ

ಬೆಳಿಗ್ಗೆ ಹೋಗುವಷ್ಟರಲ್ಲಿ ಹೊಟ್ಟಿನ ಅರ್ಧ ರಾಶಿ ಇಲ್ಲ. ಬಾಯ್ಲರ್ ಒಲೆಗೆ ಹಾಕಿದ್ದಾರೆ. ಚಾವಿ ಅದರಲ್ಲಿದ್ದರೆ ಕರಗಿ ನೀರಾಗಿರುತ್ತದೆ. ಕನಕರಾಯನ ಟ್ರಾಕ್ಟರಿನ ಸೀಟಿನ ಕೆಳಗೂ ಕೈಯಾಡಿಸಿದೆ. ಬೀಡಿ ಕಟ್ಟು, ಒಂದು ಬಾಚಣಿಗೆ.

ಮನೆಯಲ್ಲಿ ಒಂದು ಗಳಿಗೆ ಕೂರಲಾಗಲಿಲ್ಲ. "ಯಾಕ ಒಳಗ ಹೊರಗ ತಿರುಗಾಕತ್ತಿ? ಹೊಟ್ಟಿನೋವೇನು?" ಎಂದಳು ಯಮನಮ್ಮ. ಹೆಂಡತಿಗೆ ಹೇಳದೆ ಇಪ್ಪತ್ತಾರು ವರ್ಷ ಏನನ್ನೂ ಮುಚ್ಚಿಟ್ಟವನಲ್ಲ, ಹೇಳಿದೆ. ಅವಳು ಜೋಳ ಕೇರುವುದನ್ನು ನಿಲ್ಲಿಸಲಿಲ್ಲ. "ಸಾವ್ಕಾರ್ರು ಬಂದ ಮ್ಯಾಲೆ ಹಿಂಗಾತ್ರೀ ಅಂತ ಹೇಳು" ಎಂದಳು. ಅವಳಿಗೇನು ಗೊತ್ತು.

೮ ಫೆಬ್ರವರಿ, ಬುಧವಾರ

ದೇವದುರ್ಗಕ್ಕೆ ಹೋಗಿಬಂದೆ. ರಾಯಚೂರಿನಲ್ಲೇನು ಬೀಗ ರಿಪೇರಿಯವರಿಲ್ಲವೇ, ಇದ್ದಾರೆ. ಆದರೆ ಕರಿ ಅಂಬಾಸಿಡರ್ ಅಂದರೆ ಯಾರದು ಅಂತ ಊರಿಗೆಲ್ಲ ಗೊತ್ತು. ನಾನು ಅಂಗಡಿ ಮೆಟ್ಟಿಲು ಇಳಿಯುವುದರೊಳಗೆ ಸುದ್ದಿ ಮಿಲ್ಲು ಮುಟ್ಟಿರುತ್ತದೆ.

ಮೊದಲು ಮಾನ್ವಿ ಬಸ್ಸು ಹತ್ತಿಬಿಟ್ಟಿದ್ದೆ. ಕಂಡಕ್ಟರ್ ಟಿಕೆಟ್ ಕೇಳಿದಾಗ ಗೊತ್ತಾಗಿ ಊರ ಹೊರಗೆ ಇಳಿದು ನಡೆದುಕೊಂಡು ಸ್ಟ್ಯಾಂಡಿಗೆ ವಾಪಸ್ ಬಂದೆ. ಬಸ್ಸಿನ ಬೋರ್ಡು ಬರೆಯುವವರಿಗೆ ಈಗ ಅಕ್ಷರವೇ ಬರುವುದಿಲ್ಲ. ಮೊದಲೆಲ್ಲ ಎಷ್ಟು ದಪ್ಪಗೆ, ಚಂದಾಗಿ ಬರೆಯುತ್ತಿದ್ದರು.

ದೇವದುರ್ಗದ ಸ್ಟ್ಯಾಂಡಿನ ಎದುರು ಬುರ್ಹಾನುದ್ದೀನ್ ಎಂಬ ಮುದುಕ ಬೀಗ, ಟ್ರಂಕು, ಟಾರ್ಚು ರಿಪೇರಿ ಮಾಡುತ್ತಾನೆ. ಅಂಬಾಸಿಡರಿಗೆ ಹೊಂದುವ, ಇನ್ನೂ ಹಲ್ಲು ಕೊರೆಯದ ಚಾವಿ ಬೇಕೆಂದೆ.

"ಗಾಡಿ ತರ್ರಿ ಇಲ್ಲಿಗೆ. ಒಂದು ತಾಸಿನ ಕೆಲಸ ಅದ."

"ಚಾವಿನ ಇಲ್ಲ, ಗಾಡಿ ಹ್ಯಾಂಗ ಬರಬೇಕ್ರೀ?"

"ವೈರ್ ಜೋಡಿಸಿ ತರ್ರಿ ಮತ್ತ."

"ಅದು ಕಳ್ಳರ ಕೆಲಸ. ಧಣಿ ಹಿಂದ ಕುಂತಾಗ ದಿನಾ ಡ್ಯಾಶ್‌ಬೋರ್ಡ್ ಕೆಳಗ ತಲಿ ಹಾಕ್ಲೇನು?"

ಅವನಿಗೆ ನನ್ನ ಪರಿಸ್ಥಿತಿ ತಿಳಿಯಿತು ಅಂತ ಕಾಣುತ್ತದೆ, ಮುಂದೆ ಕೆದಕಲಿಲ್ಲ. ಮೂರು ಖಾಲಿ ಚಾವಿ, ಇಲಿಬಾಲದಷ್ಟು ಸಪೂರದ ಒಂದು ಅರ ಕೊಟ್ಟ. ತನ್ನ ಮುಂದಿನ ಟ್ರಂಕಿನ ಬೀಗದ ಮೇಲೆಯೇ ಮಾಡಿ ತೋರಿಸಿದ. "ದೀಪದ ಮಸಿ ಹಿಡಸ್ರಿ ಇದಕ್ಕ. ಬೀಗದಾಗ ಹಾಕಿ ಸ್ವಲ್ಪ ತಿರುವಿ, ಹೊರಗ ತೆಗೀರಿ. ಒಳಗಿನ ಹಲ್ಲು ಎಲ್ಲಿ ತಾಗ್ಯಾವೋ ಅಲ್ಲಿ ಮಸಿ ಹೋಗಿ ಹಿತ್ತಾಳಿ ಹೊಳೀತದ. ಅಲ್ಲಷ್ಟ ಅರ ಆಡಸ್ರಿ. ಮತ್ತ ಮಸಿ, ಮತ್ತ ಅರ. ಹೊಳಪು ಬರೋದು ನಿಂತ್ರ ಅಲ್ಲಿ ಕೈ ಬಿಡ್ರಿ." ಟ್ರಂಕಿನ ಚಾವಿಯನ್ನು ನನ್ನ ಮುಖದ ಹತ್ತಿರ ಹಿಡಿದು "ಕಂಡ್ತಿಲ್ರೀ, ಸಾಸಿವಿ ಕಾಳಿನಷ್ಟು?" ಎಂದ. ಕಂಡಿತು ಎಂದೆ. ನನ್ನ ಹಿಂದೆ ಇನ್ನೂ ಇಬ್ಬರು ಗಿರಾಕಿಗಳು ನಿಂತಿದ್ದರು.

೯ ಫೆಬ್ರವರಿ, ಗುರುವಾರ

ಮೊದಲನೇ ಚಾವಿ ಹಾಳಾಯಿತು. ಚಿಮಣಿ ದೀಪದ ಮೇಲೆ ಹಿಡಿದು ಕರ್ರಗೆ ಮಾಡಿ, ಟವೆಲ್ಲಿನಲ್ಲಿ ಸುತ್ತಿಕೊಂಡು ಶೆಡ್ಡಿಗೆ ಹೋದೆ. ಹಾಕಿ ತಿರುವಿ ತೆಗೆದು ನೋಡಿದರೆ ಎಲ್ಲಿದೆ ಹೊಳಪು? ಶೆಡ್ಡಿನೊಳಗೆ ಕತ್ತಲೆ, ಹೊರಗೆ ಬಂದರೆ ಬಿಸಿಲು ಸುಣ್ಣದಂತೆ ಕಣ್ಣಿಗೆ ಅಪ್ಪಳಿಸುತ್ತದೆ. ಈ ವರ್ಷ ಬಿಸಿಲು ಬೇಗ ಬಂದಿದೆ. ಅಂದಾಜಿನ ಮೇಲೆ ಅರ ಆಡಿಸಿದೆ. ಅಂದಾಜು ತಪ್ಪಿ ಎರಡನೇ ಹಲ್ಲು ಕುಣಿಯಷ್ಟು ಆಳ ಹೋಯಿತು. ಕನಕರಾಯ ಇಣುಕಿ "ಏನ್ ಮಾಡಾಕತ್ತಿ ಯಂಕೋಬಣ್ಣ?" ಅಂದ. ಹಾರ್ನ್ ರಿಪೇರಿ ಎಂದೆ. ಹಾರ್ನಿಗೆ ಯಾರು ಮಸಿ ಹಚ್ಚುತ್ತಾರೆ ಅಂತ ಅವನಿಗೆ ಹೊಳೆಯಲಿಲ್ಲ, ಪುಣ್ಯ.

೧೧ ಫೆಬ್ರವರಿ, ಶನಿವಾರ

ಯಮನಮ್ಮ ಊಟದ ಬುತ್ತಿ ತಂದವಳು ಶೆಡ್ಡಿನಲ್ಲೇ ಕೂತಳು. ನಾನು ಎರಡನೇ ಚಾವಿಯನ್ನು ಮೂಗಿನ ತುದಿಗೆ ಹಿಡಿದು ಅತ್ತಿತ್ತ ತಿರುಗಿಸುತ್ತಿದ್ದೆ.

"ಇಲ್ಲಿ ಅದ ನೋಡು. ಮತ್ತ ಇಲ್ಲೊಂದು" ಎಂದಳು, ಉಗುರಿನಿಂದ ತೋರಿಸಿ.

"ನನಗೂ ಕಂಡಾದ. ನಿನಗ ಕಾಣ್ತದೋ ಇಲ್ಲೋ ಅಂತ ನೋಡಿದೆ."

ಆಮೇಲೆ ನಾನು ಮಸಿ ಹಿಡಿಸುವುದು, ತಿರುವುವುದು, ಅವಳು ಉಗುರಿಡುವುದು, ಅವಳ ಉಗುರಿದ್ದಲ್ಲಿ ನಾನು ಹೆಬ್ಬೆರಳಿಟ್ಟು ಅರ ಆಡಿಸುವುದು, ಹೀಗೆ ನಡೆಯಿತು. ಅರ್ಧ ತಾಸಿನಲ್ಲಿ ಚಾವಿ ಒಂದು ಕೂದಲೆಳೆ ತಿರುಗಿತು. ನನಗೆ ಆತುರ, ಜೋರು ಮಾಡಿದೆ. ಬುಡಕ್ಕೇ ಲಟಕ್ಕನೆ ಮುರಿಯಿತು. ಒಳಗುಳಿದ ತುಂಡನ್ನು ಯಮನಮ್ಮ ಸೀರೆಯ ಪಿನ್ನಿನಿಂದ ಎಬ್ಬಿಸಿ ತೆಗೆದಳು. ನಾನು ಅವಳಿಗೇ ಬೈದೆ. ಯಾಕೆ ಬೈದೆ ಅಂತ ಈಗಲೂ ಗೊತ್ತಿಲ್ಲ.

೧೨ ಫೆಬ್ರವರಿ, ಭಾನುವಾರ

ಇನ್ನೊಂದೇ ಚಾವಿ ಉಳಿದಿದೆ. ಮುಟ್ಟಲು ಧೈರ್ಯವಿಲ್ಲ.

೧೩ ಫೆಬ್ರವರಿ, ಸೋಮವಾರ

ಜಗಳ. ಮಾನ್ವಿಯಲ್ಲಿ ಕಣ್ಣಿನ ಕ್ಯಾಂಪು ಹಾಕುತ್ತಾರಂತೆ, ಇಪ್ಪತ್ತೈದಕ್ಕೆ, ಪೊರೆ ತೆಗೆದು ಕಳಿಸುತ್ತಾರಂತೆ. ಯಮನಮ್ಮ ಯಾರಿಂದಲೋ ಕೇಳಿಕೊಂಡು ಬಂದಿದ್ದಾಳೆ. "ಹೋಗಿ ತೋರಿಸ್ಕೊಂಡು ಬರೋಣು" ಎಂದಳು.

ನನಗೇಕೆ ಕಣ್ಣಿನ ಕ್ಯಾಂಪು? ಈ ಕಣ್ಣಿಂದ ರಾಯಚೂರಿನಿಂದ ಹೈದರಾಬಾದು, ಗುಲ್ಬರ್ಗ, ಮಂತ್ರಾಲಯ, ಎಷ್ಟು ಸಲ. ಒಂದು ನಾಯಿಯನ್ನೂ ತಾಗಿಸಿದವನಲ್ಲ. ರಾತ್ರಿ ಗಾಡಿ ಹೊಡೆಯುವುದನ್ನು ಬಿಟ್ಟದ್ದು ಲಾರಿಯವರು ಲೈಟು ಇಳಿಸುವುದಿಲ್ಲ ಅಂತ, ಅದು ಬೇರೆ ಮಾತು. ಡ್ರೈವರಿಗೆ ಕಣ್ಣಿಲ್ಲ ಅನ್ನುವ ಮಾತು ಒಬ್ಬರ ಬಾಯಿಗೆ ಬಿದ್ದರೆ ಸಾಕು, ಹದಿನೇಳು ವರ್ಷ ಒಂದು ಸಂಜೆಯಲ್ಲಿ ಮುಗಿಯುತ್ತದೆ. ನನ್ನ ಅಪ್ಪ ಜೀವಮಾನವಿಡೀ ಕಂಡವರ ಹೊಲದಲ್ಲಿ ಬಗ್ಗಿದ. ನಮ್ಮ ಓಣಿಯಲ್ಲಿ ಕುರ್ಚಿಯಂಥದ್ದರ ಮೇಲೆ ಕೂತು ದುಡಿದವನು ನಾನೇ ಮೊದಲು. ಆ ಸೀಟು ಬಿಟ್ಟು ನಾನು ಎಲ್ಲಿ ಕೂರಬೇಕು?

ಇದಿಷ್ಟನ್ನೂ ಅವಳಿಗೆ ಹೇಳಲಿಲ್ಲ, ಇಲ್ಲಿ ಬರೆದೆ. ಅವಳಿಗೆ ಹೇಳಿದ್ದು, ರೊಟ್ಟಿ ಸೀದಿದೆ ಅಂತ.

೧೫ ಫೆಬ್ರವರಿ, ಬುಧವಾರ

ಆಯಿತು. ಗಾಡಿ ಚಾಲೂ ಆಯಿತು.

ಈ ಸಲ ಅವಸರ ಮಾಡಲಿಲ್ಲ. ಯಮನಮ್ಮ ನಿನ್ನೆ ಪೂರ್ತಿ, ಇವತ್ತೂ ಬೆಳಿಗ್ಗೆಯಿಂದ ಜೊತೆಗಿದ್ದಳು. ಒಂದು ಹೊತ್ತಿನಲ್ಲಿ ಅವಳನ್ನು ಕೇಳುವುದನ್ನೂ ಬಿಟ್ಟೆ. ಚಾವಿಯನ್ನು ನಿಧಾನ ತಿರುವಿದರೆ ಯಾವ ಹಲ್ಲು ಎಲ್ಲಿ ಹಿಡಿಯುತ್ತಿದೆ ಅಂತ ಬೆರಳಿಗೇ ಬರತೊಡಗಿತು. ಕಣ್ಣು ಮುಚ್ಚಿದರೆ ಇನ್ನೂ ಚೆನ್ನಾಗಿ ಬರುತ್ತಿತ್ತು. ಮೂರು ಗಂಟೆ ಸುಮಾರಿಗೆ ಒಳಗೆ ಏನೋ ಸಡಿಲಾಗಿ ಚಾವಿ ಹೊರಳಿತು. ಡ್ಯಾಶ್‌ಬೋರ್ಡಿನ ಕೆಂಪು ದೀಪ ಹತ್ತಿತು. ಇಂಜಿನ್ ಗುರ್ರೆಂದಾಗ ಯಮನಮ್ಮ ಬಾಗಿಲಿಗೆ ಒರಗಿ ನಕ್ಕಳು. ನನಗೆ ಅಳು ಬಂತು.

ಒಂದು ಕಸರು ಇದೆ. ಮೂರನೇ ಹಲ್ಲು ಇನ್ನೂ ಒಂದು ಎಳೆ ಎತ್ತರ. ಪೂರ್ತಿ ಒಳಗೆ ತಳ್ಳಿ, ಒಂದು ಅಕ್ಕಿಕಾಳಿನಷ್ಟು ಹಿಂದಕ್ಕೆ ಎಳೆದು, ಸ್ವಲ್ಪ ಮೇಲಕ್ಕೆತ್ತಿ ತಿರುವಿದರೆ ಮಾತ್ರ ತೆರೆಯುತ್ತದೆ. ಇನ್ನೆರಡು ಸಲ ಅರ ಆಡಿಸಿದರೆ ಸರಿಹೋಗುತ್ತದೆ. ಅರ ಕೈಗೆತ್ತಿಕೊಂಡವನು ಕೆಳಗಿಟ್ಟೆ. ಇರಲಿ. ಈ ಗಾಡಿ ನನ್ನ ಕೈಗಷ್ಟೇ ಚಾಲೂ ಆಗುವುದಾದರೆ ಯಾರಿಗೇನು ನಷ್ಟ?

೧೮ ಫೆಬ್ರವರಿ, ಶನಿವಾರ

ಸಾವ್ಕಾರರನ್ನು ಸ್ಟೇಷನ್ನಿಂದ ಕರೆತಂದೆ. ಚಾವಿಯ ಕಡೆ ನೋಡಲೂ ಇಲ್ಲ. ಹೊಸ ಮಿಷಿನ್ ಗಂಟೆಗೆ ಎಷ್ಟು ಚೀಲ ಅಕ್ಕಿ ಮಾಡುತ್ತದೆ ಅಂತ ದಾರಿಯುದ್ದಕ್ಕೂ ಹೇಳಿದರು. ಹನ್ನೆರಡು ದಿನ ನಾನು ಬೆಂದದ್ದು ಯಾರಿಗೂ ಗೊತ್ತಿಲ್ಲ.

ಅವರನ್ನು ಇಳಿಸಿ ಶೆಡ್ಡಿಗೆ ತರುವಾಗ ಎಡಗಡೆ ಮಡ್‌ಗಾರ್ಡ್ ಗೇಟಿನ ಕಂಬಕ್ಕೆ ಉಜ್ಜಿತು. ಆ ಕಂಬಕ್ಕೆ ಹೊಸದಾಗಿ ಗಿಲಾವು ಮಾಡಿ ದಪ್ಪ ಮಾಡಿದ್ದಾರೆ. ಪಾಲಿಶ್ ಹಚ್ಚಿದೆ, ಈಗ ಕಾಣುವುದಿಲ್ಲ. ಮೀಟರಿನ ಗಾಜಿಗೆ ಒಳಗಿನಿಂದ ಧೂಳು ಕೂತಿದೆ, ಕಿಲೋಮೀಟರು ಬರೆದುಕೊಂಡಿಲ್ಲ.

೧೯ ಫೆಬ್ರವರಿ, ಭಾನುವಾರ

ನಾನು ಚಹಾಕ್ಕೆ ಹೋಗಿದ್ದಾಗ ಗಾಡಿ ನೆರಳಿಗೆ ಹಾಕಲು ಸಾವ್ಕಾರರು ಕನಕರಾಯನಿಗೆ ಹೇಳಿದ್ದಾರೆ. ಬಂದು ನೋಡಿದರೆ ಅವನು ಸೀಟಿನಲ್ಲಿ ಬೆವರುತ್ತಿದ್ದಾನೆ. "ತಿರಗವಲ್ದು ಯಂಕೋಬಣ್ಣ" ಎಂದ. ನಾನು ಕಿಟಕಿಯಿಂದ ಕೈ ಹಾಕಿ ಒಂದೇ ಸಲಕ್ಕೆ ತಿರುವಿದೆ.

"ನಿನ್ನ ಕೈಗಷ್ಟ ಬಗ್ತದ ನೋಡು ಇದು" ಎಂದು ಸಾವ್ಕಾರರು ನಕ್ಕರು. ಸಂಜೆಯವರೆಗೂ ಎದೆ ಉಬ್ಬಿಸಿಕೊಂಡೇ ಓಡಾಡಿದೆ. ಮನೆಗೆ ಬಂದು ಹೇಳಿದರೆ ಯಮನಮ್ಮ ನಗಲಿಲ್ಲ.

೨೧ ಫೆಬ್ರವರಿ, ಮಂಗಳವಾರ

ಕುರ್ಡಿಗೆ ಹೋಗಿಬಂದೆವು. ಸಾವ್ಕಾರರ ತಾಯಿ ಪಾರ್ವತೆಮ್ಮನವರಿಗೆ ಅಲ್ಲಿ ಮೊಮ್ಮಗಳ ಬಾಣಂತನ, ಕೂಸು ನೋಡಬೇಕಿತ್ತು. ಎಪ್ಪತ್ತಾರು ವರ್ಷ ಅವರಿಗೆ. ಸೋಡಾ ಬುಡ್ಡಿ ಕನ್ನಡಕ. ಹಿಂದಿನ ಸೀಟಿನಲ್ಲಿ ಕೂತು ಜಪಮಾಲೆ ಎಣಿಸುತ್ತಿದ್ದರು.

ಮಾನ್ವಿ ರಸ್ತೆಯಲ್ಲಿ ಒಂದು ಹಳ್ಳಿ ದಾಟಿದ ಮೇಲೆ ರಸ್ತೆಯ ಮೇಲೆ ಬಿಳಿಜೋಳದ ತೆನೆ ಹರವಿದ್ದರು. ನಮ್ಮ ಕಡೆ ಸುಗ್ಗಿಯಲ್ಲಿ ಡಾಂಬರೇ ಕಣ. ತೆನೆ ಹಾಸಿ ಬದಿಗೆ ಕೂರುತ್ತಾರೆ, ಗಾಡಿಗಳು ಹಾಯ್ದು ಹಾಯ್ದು ಕಾಳು ಉದುರುತ್ತದೆ. ಕೆಲವು ಡ್ರೈವರುಗಳು ಮುಖ ಗಂಟಿಕ್ಕಿ ಅಂಚಿನಿಂದ ತಪ್ಪಿಸಿ ಹೋಗುತ್ತಾರೆ. ನಾನು ಹಾಗೆ ಮಾಡಿದವನಲ್ಲ. ಹೊಲದಲ್ಲಿ ಬಗ್ಗಿ ದುಡಿದವರ ಮಗ, ತೆನೆ ಎಲ್ಲಿ ದಪ್ಪ ಇರುತ್ತದೋ ಅಲ್ಲೇ ಹುಡುಕಿ ಚಕ್ರ ಹಾಯಿಸುತ್ತೇನೆ. ಬದಿಯಲ್ಲಿ ಕೂತವರು ಕೈ ಎತ್ತುತ್ತಾರೆ, ಅದೊಂದು ಖುಷಿ.

ಇವತ್ತೂ ಹುಡುಕಿದೆ. ನಡುವೆ ಒಂದು ಕಡೆ ರಾಶಿ ಎತ್ತರವಾಗಿ ಕಂಡಿತು. ಅಲ್ಲಿಗೇ ಸ್ಟೇರಿಂಗ್ ತಿರುಗಿಸಿದೆ.

ಹಿಂದಿನಿಂದ ಪಾರ್ವತೆಮ್ಮನವರು "ಯಂಕೋಬ, ಹೆಣ್ಮಗಳು" ಎಂದರು. ದನಿ ಏರಿಸಲಿಲ್ಲ.

ಬ್ರೇಕ್ ಒತ್ತಿದೆ. ತೆನೆಯ ಮೇಲೆ ಗಾಡಿ ಜಾರಿತು, ಜಾರಿ ನಿಂತಿತು. ಆ ಎತ್ತರದ ರಾಶಿ ಎದ್ದು ನಿಂತು ಬಾನೆಟ್ಟಿನ ಮೇಲೆ ಕೈ ಊರಿತು. ಬಗ್ಗಿ ತೆನೆ ತಿರುವಿ ಹಾಕುತ್ತಿದ್ದಳು. ತೆನೆಯ ಬಣ್ಣದ್ದೇ ಮಾಸಿದ ಸೀರೆ. ನನ್ನ ಮಗಳ ವಯಸ್ಸಿನವಳು.

"ನಿಧಾನ ಆಗ್ತೀ ಅಂತ ತಿಳಕೊಂಡಿದ್ದೆ ಯಪ್ಪಾ. ನಾ ಕಾಣಲಿಲ್ಲೇನು ನಿನಗ?" ಎಂದಳು. ಹಾಗಂದು ನಕ್ಕಳು. ಆಮೇಲೆ ಅಲ್ಲೇ ತೆನೆಯ ಮೇಲೆ ಕೂತುಬಿಟ್ಟಳು. ಬದಿಯಲ್ಲಿದ್ದವರು ಓಡಿ ಬಂದು ಅವಳಿಗೆ ನೀರು ಕುಡಿಸಿದರು. ಒಬ್ಬ ಮುದುಕ ನನ್ನನ್ನು ಬೈಯುತ್ತಲೇ ಇದ್ದ. ನಾನು ಇಳಿದು ಅವಳ ಮುಂದೆ ನಿಂತು ಕೈ ಮುಗಿದೆ.

ಮತ್ತೆ ಗಾಡಿ ಹತ್ತಿದ ಮೇಲೆ ಪಾರ್ವತೆಮ್ಮನವರು ಕೇಳಿದರು. "ಹಿಂದ ಕುಂತ ಮುದುಕಿಗಿ ಕಂಡ್ತು. ನಿನಗ್ಯಾಕ ಕಾಣಲಿಲ್ಲ?"

"ಬಿಸಲು ಕಣ್ಣಿಗಿ ಹೊಡೀತು ಯವ್ವಾ."

"ಬಿಸಲು ನಮ್ಮ ಬೆನ್ನಿಗಿ ಅದನಪ್ಪಾ."

ಅವರು ಬಾಗಿಲು ತೆರೆದು ಇಳಿದರು. ನಡೆದುಕೊಂಡೇ ಹೋಗುತ್ತಾರೇನೋ ಅಂದುಕೊಂಡೆ. ಸುತ್ತು ಹಾಕಿ ಬಂದು ಮುಂದಿನ ಸೀಟಿನಲ್ಲಿ, ನನ್ನ ಪಕ್ಕ, ಸೆರಗು ಸರಿಮಾಡಿಕೊಂಡು ಕೂತರು. "ಎತ್ತಿನ ಬಂಡಿ ಹೋದಂಗ ನಡಿ" ಎಂದರು. ಕುರ್ಡಿಗೆ ಹೋಗುವಾಗ, ಕುರ್ಡಿಯಿಂದ ಬರುವಾಗ, ದಾರಿಯುದ್ದಕ್ಕೂ ಹೇಳುತ್ತಾ ಬಂದರು. ಎಡಕ್ಕ ಬಂಡಿ. ನಾಯಿ. ಸಾಲಿ ಹುಡುಗರು, ನಿಲ್ಲಸು. ಈಗ ನಡಿ. ಅವರು ಹೇಳಿದ ಮೇಲೆ ನೋಡಿದರೆ ಒಂದೊಂದೂ ಇತ್ತು. ಹೇಳುವ ಮೊದಲು ಒಂದೂ ಇರಲಿಲ್ಲ.

ಮನೆ ಮುಂದೆ ಇಳಿಯುವಾಗ "ಸೂಗಪ್ಪಗ ನಾ ಹೇಳಂಗಿಲ್ಲ. ಹೇಳಬೇಕಾದವ ನೀನು" ಎಂದರು.

೨೨ ಫೆಬ್ರವರಿ, ಬುಧವಾರ

ಜ್ವರ ಅಂತ ಹೇಳಿಕಳಿಸಿ ಮನೆಯಲ್ಲೇ ಮಲಗಿದ್ದೆ. ಜ್ವರವಿಲ್ಲ. ಬಾನೆಟ್ಟಿನ ಮೇಲಿನ ಆ ಕೈ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಅದೊಂದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ.

೨೩ ಫೆಬ್ರವರಿ, ಗುರುವಾರ

ಬೆಳಿಗ್ಗೆ ಎಂಟಕ್ಕೆ ಸಾವ್ಕಾರರ ಮುಂದೆ ನಿಂತೆ. ಎಲ್ಲ ಹೇಳಿದೆ. ಚಾವಿ ಕಳೆದದ್ದು, ಮಾಡಿದ್ದು, ಕನಕರಾಯನ ಮೇಲೆ ಅನುಮಾನ ಪಟ್ಟದ್ದು, ಮಡ್‌ಗಾರ್ಡು, ಜೋಳದ ರಸ್ತೆ, ನನ್ನ ಕಣ್ಣು, ಯಮನಮ್ಮ ಹೇಳಿದ ಮಾನ್ವಿಯ ಕ್ಯಾಂಪು. ಅವರು ಓದುತ್ತಿದ್ದ ಪೇಪರ್ ಮಡಚಿದರು.

"ಎಷ್ಟು ದಿನ ಆತು ಕಾಣವಲ್ದಾಗಿ?"

"ವರ್ಷದ ಮ್ಯಾಲಾತ್ರೀ."

"ಅವ್ವನ್ನ ಕುಂಡ್ರಿಸ್ಕೊಂಡು ಹೋಗಿದ್ಯಲ್ಲೋ, ಯಂಕೋಬ."

ಆಮೇಲೆ "ಚಾವಿ ಕನಕರಾಯಗ ಕೊಡು" ಎಂದರು. ನಾನು ಮೆಟ್ಟಿಲು ಇಳಿದ ಮೇಲೆ ಹಿಂದಿನಿಂದ ಕೂಗಿ "ಆ ಕ್ಯಾಂಪಿಗೆ ಹೋಗಿ ಬಾ ಮೊದಲ. ಉಳಿದದ್ದು ಆಮ್ಯಾಲೆ ನೋಡೂಣು" ಎಂದರು. ಉಳಿದದ್ದು ಅಂದರೆ ಏನು ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಶೆಡ್ಡಿನಲ್ಲಿ ಕನಕರಾಯನನ್ನು ಸೀಟಿಗೆ ಕೂರಿಸಿ ಚಾವಿ ಕೊಟ್ಟೆ. ಹಾಕಿದ, ತಿರುವಿದ, ಬರಲಿಲ್ಲ. "ಇದು ನಿನ್ನ ಕೈಗಷ್ಟ ಬಗ್ತದಣ್ಣ" ಎಂದ, ಅವನ ಮುಖವೂ ಬಾಡಿತ್ತು. ಕೊಡು ಇಲ್ಲಿ ಎಂದೆ. ಅಂಗಿಯ ಜೇಬಿನಲ್ಲಿ ಅರ ತಂದಿದ್ದೆ. ಕಣ್ಣು ಮುಚ್ಚಿ ಮೂರನೇ ಹಲ್ಲು ಹುಡುಕಿದೆ. ಎರಡು ಸಲ ಆಡಿಸಿ, ಊದಿ, ಕೊಟ್ಟೆ. ಬರಲಿಲ್ಲ. ಮತ್ತೊಂದು ಸಲ, ಕೂದಲೆಳೆಯಷ್ಟು. ಈ ಸಲ ಅವನು ಸುಮ್ಮನೆ ಹಾಕಿ ಸುಮ್ಮನೆ ತಿರುವಿದ, ಯಾರಾದರೂ ತಿರುವುವಂತೆ. ಕೆಂಪು ದೀಪ ಹತ್ತಿತು ಅಂತ ಅವನೇ ಹೇಳಿದ.

"ಒಂದು ಸುತ್ತು ಹಾಕ್ಕೊಂಡು ಬಾ" ಎಂದೆ.

ಈ ಗಾಡಿ ಹೋಗುವುದನ್ನು ಹೊರಗೆ ನಿಂತು ನಾನು ಎಂದೂ ನೋಡಿರಲಿಲ್ಲ. ಹದಿನೇಳು ವರ್ಷ ಅದರೊಳಗೇ ಇದ್ದವನಿಗೆ ಅದು ಹೇಗೆ ಕಾಣುತ್ತದೆ ಅನ್ನುವುದೇ ಗೊತ್ತಿರಲಿಲ್ಲ. ಕೈ ಹಣೆಗೆ ಹಚ್ಚಿ ನಿಂತೆ. ಗೇಟು ದಾಟುವವರೆಗೂ ಕಂಡಿತು ಅಂತ ಬರೆಯಲು ಹೊರಟಿದ್ದೆ. ಇಲ್ಲ. ಶೆಡ್ಡಿನ ಕಂಬ ದಾಟಿದ ಮೇಲೆ ಕಾಣಲಿಲ್ಲ, ಬರೀ ಸಪ್ಪಳ ಕೇಳಿತು.